ಒಂದು ದಿನ ಗೇಟು ತೆರೆಯಿರಿ

ನಮ್ಮ ಮಾನ್ವಿ, ದೇವದುರ್ಗದ ಹಳ್ಳಿ ಮಕ್ಕಳು ಡಾಕ್ಟರನ್ನು ನೋಡಿರ್ತಾರೆ, ಮೇಷ್ಟ್ರನ್ನು ನೋಡಿರ್ತಾರೆ. ಕೆಲಸ ಮಾಡುವ ಇಂಜಿನಿಯರನ್ನು ನೋಡಿದವರು ಕಡಿಮೆ. ಕಳೆದ ವರ್ಷ ದೇವದುರ್ಗ ಕಡೆಯ ಒಂದು ಸರಕಾರಿ ಹೈಸ್ಕೂಲಿಗೆ ಹೋಗಿದ್ದೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಇಂಜಿನಿಯರ್ ಅಂದ್ರ ದಿನಾ ಏನ್ ಮಾಡ್ತಾರ್ರಿ?" ಅಂದಳು. ಗಣಿತದಲ್ಲಿ ಕ್ಲಾಸಿಗೇ ಮೊದಲು. ಆದರೆ ಪಿಯುಸಿಗೆ ಆರ್ಟ್ಸ್ ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಕಣ್ಣಿಗೆ ಕಾಣದ ಕೆಲಸ ನಂಬಿ ಯಾವ ಅಪ್ಪ ಫೀಸು ಕಟ್ಟುತ್ತಾನೆ, ಹೇಳಿ?

ಹಾಗಂತ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಇಲ್ಲವೇ? ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತಯಾರಾಗುತ್ತಿದೆ. ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ರಾಯಚೂರಿಗೇ ಐಐಐಟಿ ಬಂದಿದೆ.

ದುಡ್ಡಿಗೂ ದಾರಿ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವ ಕಂಪನಿ, ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನಿರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅಲ್ಲೇ ಇದೆ. ಬ್ಯಾಗು, ಸ್ಮಾರ್ಟ್ ಬೋರ್ಡು ಕೊಡುವುದು ಒಳ್ಳೆಯದೇ. ಅದರ ಜತೆ ಬಸ್ ಬಾಡಿಗೆ ಕೊಟ್ಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನೂ ಅವರ ಅಪ್ಪ-ಅವ್ವನನ್ನೂ ಒಂದು ದಿನ ಒಳಗೆ ಕರೆದು ತೋರಿಸಿ. ಅಲ್ಲಿ ಕೆಲಸ ಮಾಡುವ ಇಂಜಿನಿಯರ್ ಅಕ್ಕ ಎಲ್ಲಿ ಓದಿದಳು, ಸಂಬಳ ಎಷ್ಟು ಅಂತ ಅವರೇ ಕೇಳಲಿ. ಡಿಪ್ಲೊಮಾ ಮುಗಿಸಿದವರಿಗೆ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ಮಾಡಿಕೊಳ್ಳಿ. ಅದಕ್ಕೆ 1961ರ ಕಾಯ್ದೆ ಇದೆ.

ಬೆಂಗಳೂರಿನಲ್ಲಿರುವ ಗೆಳೆಯರೇ, ನೀವೂ ಎಚ್‌ಆರ್ ಮೇಲ್ ಬರಲಿ ಅಂತ ಕಾಯಬೇಡಿ. ಊರಿಗೆ ಹೋದಾಗ ನಿಮ್ಮ ಶಾಲೆಯಲ್ಲಿ ಒಂದು ಪೀರಿಯಡ್ ಕೇಳಿ, ಲ್ಯಾಪ್‌ಟಾಪ್ ತೆರೆದು ನಿಮ್ಮ ಕೆಲಸ ತೋರಿಸಿ. ಎಸ್‌ಎಸ್‌ಎಲ್‌ಸಿ ರಿಸಲ್ಟು ಬರುವುದರೊಳಗೆ ಹೋಗಿ. ಆಮೇಲೆ ತಡವಾಗುತ್ತದೆ.