ಪುಸ್ತಕದ ಮಾಸ್ತರ್ ಮತ್ತು ಗಣಕಯಂತ್ರ

ನವಲಗುಂದ ಸೀಮೆಯ ಎರೆಮಣ್ಣಿನ ಊರೊಂದರ ಗ್ರಂಥಾಲಯ ಮೇಲ್ವಿಚಾರಕರನ್ನು ಊರವರು ಕರೆಯುವುದು 'ಪುಸ್ತಕದ ಮಾಸ್ತರ್' ಎಂದೇ. ಬಹಳ ವರ್ಷ ಅವರ ಆಸ್ತಿಯೆಂದರೆ ಎರಡು ಕಪಾಟು, ಒಂದು ರಿಜಿಸ್ಟರು, ಒಂದು ರಬ್ಬರ್ ಮೊಹರು. ಬೆಳಿಗ್ಗೆ ಬಂದ ಪತ್ರಿಕೆಗೆ ಮೊಹರು ಒತ್ತಿ ಮೇಜಿನ ಮೇಲೆ ಹರವಿದರೆ ಅರ್ಧ ನೌಕರಿ ಮುಗಿದಂತೆ ಅನ್ನಿ. ಯಾವ ಕಾದಂಬರಿ ಯಾರ ಮನೆಯಲ್ಲಿ ಕುಳಿತಿದೆ ಎಂಬುದನ್ನು ರಿಜಿಸ್ಟರು ತೆರೆಯದೆಯೇ ಬಲ್ಲರು. ಆದರೆ ಒಬ್ಬರ ಓದನ್ನು ಇನ್ನೊಬ್ಬರಿಗೆ ಹೇಳಿದವರಲ್ಲ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯ ಕೈಯಿಂದ ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಬರಬರುತ್ತ ಕಂಪ್ಯೂಟರ್ ಬಂತು, ಬಾಗಿಲ ಮೇಲಿನ ಫಲಕ 'ಅರಿವು ಕೇಂದ್ರ' ಎಂದಾಯಿತು. ಅದರ ಬೆನ್ನಿಗೇ ಮಾಸ್ತರರಿಗೆ ತರಬೇತಿಯ ಕರೆಯೂ ಬಂತು.

ಐವತ್ತರ ಅಂಚಿನ ಮನುಷ್ಯ ಮೌಸು ಹಿಡಿದದ್ದು ಅಂದೇ ಮೊದಲು. ಅದು ಮೇಜಿನ ತುದಿಗೆ ಬಂದರೆ ಮುಂದೇನು ಎಂದು ಗಾಬರಿಯಾದರು. ಎತ್ತಿ ಈಚೆಗೆ ಇಟ್ಟುಕೊಳ್ಳಬಹುದು ಎಂದು ತಿಳಿಯುವಷ್ಟರಲ್ಲಿ ಊಟದ ಹೊತ್ತು. ಮಧ್ಯಾಹ್ನ 'ನುಡಿ'ಯಲ್ಲಿ ಒಂದು ಪತ್ರ ಹೊಡೆದರು. ಅದನ್ನು ಮೊಬೈಲಿಗೆ ಕಳಿಸಿದರೆ ಅಲ್ಲಿ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೆಯ ಅಕ್ಷರ ಶೈಲಿಗೂ ಯೂನಿಕೋಡ್‌ಗೂ ಇರುವ ಈ ಅಂತರ ತಿಳಿಯದಿದ್ದರೆ ಹಳ್ಳಿಯಿಂದ ಹೋದ ಅರ್ಜಿ ಓದುವವರಿಲ್ಲದೆ ಬಿದ್ದಿರುತ್ತದೆ. ತರಬೇತಿಯಲ್ಲಿ ಇಂಥದಕ್ಕೆ ಒಂದು ತಾಸು, ಯಂತ್ರದ ಭಾಗಗಳ ಹೆಸರಿಗೆ ಮೂರು ತಾಸು ಎಂದರೆ ಲೆಕ್ಕ ತಪ್ಪಿದಂತೆಯೇ.

ನೌಕರಿಗೆ ಸೇರಿದ ಮೇಲೆ ಕಸುಬು ಕಲಿಯುವುದು ಈ ವೃತ್ತಿಗೆ ಹೊಸತೇನಲ್ಲ. ಎಸ್. ಆರ್. ರಂಗನಾಥನ್ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಗಣಿತದ ಮೇಷ್ಟ್ರು. ಪುಸ್ತಕ ಜೋಡಿಸುವ ವಿದ್ಯೆ ಕಲಿತದ್ದು ಆಮೇಲೆ, ಲಂಡನ್ನಿಗೆ ಹೋಗಿ. ಅಲ್ಲಿನ ದೊಡ್ಡ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆಯ ತುಂಡುಗಳು ಬೇಕಾದಂತೆ ಕೂಡುವುದನ್ನು ಕಂಡಾಗ ಹೊಳೆದದ್ದೇ ಮುಂದೆ 1933ರಲ್ಲಿ ಕೋಲನ್ ವರ್ಗೀಕರಣವಾಗಿ ಅಚ್ಚಾಯಿತು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ತರಬೇತಿಯ ಸಂಸ್ಥೆಯನ್ನೇ ಕಟ್ಟಿದರು. ಮಾಸ್ತರರಿಗೆ ಲಂಡನ್ ಬೇಡ. ಆದರೆ ತಡವರಿಸಲು, ಮತ್ತೆ ಕೇಳಲು ಒಂದಿಷ್ಟು ಪುರುಸೊತ್ತು ಬೇಕು.

ತರಬೇತಿಯಲ್ಲಿ ಬಾರದ ಪಾಠ ಊರಿನಲ್ಲಿ ಕಾದಿತ್ತು. ಹಿರಿಯರೊಬ್ಬರು ಬಂದು ಆಧಾರ್ ಕಾರ್ಡು, ಫೋನು ಎರಡನ್ನೂ ಮೇಜಿನ ಮೇಲಿಟ್ಟರು.

"ಮಾಸ್ತರ, ಮೊಮ್ಮಗಳ ಸ್ಕಾಲರ್‌ಶಿಪ್ ಅರ್ಜಿ ತುಂಬ್ರಿ. ಒಟಿಪಿ ಏನೋ ಬರತೈತಂತ, ಅದನ್ನೂ ನೀವ ನೋಡ್ಕೊಳ್ರಿ. ನಾ ಹೊಲಕ್ಕ ಹೋಗಿ ಸಂಜಿಗೆ ಬರತೇನಿ."

"ಕಾಕಾ, ಫೋನ್ ಇಟ್ಟು ಹೋಗಬ್ಯಾಡ್ರಿ. ಹುಡುಗೀನ ಕರಸ್ರಿ, ನಿಮ್ಮ ಕಣ್ಮುಂದ ಮಾಡೂಣು."

ಕಾಕಾನಿಗೆ ತುಸು ಬೇಸರವೇ ಆಯಿತು. ಊರು ನಂಬಿ ಕೊಟ್ಟದ್ದನ್ನು ಬೇಡ ಎನ್ನುವುದು ಸುಲಭವಲ್ಲ. ಆದರೆ ಆ ಆರು ಅಂಕಿಗಳ ಹಿಂದೆ ಒಂದು ಮನೆಯ ಬ್ಯಾಂಕ್ ಖಾತೆಯೇ ಇರಬಹುದು. ಹುಡುಗಿ ಬಂದು ತಾನೇ ಕೀಲಿ ಒತ್ತಿದಳು. ಮಾಸ್ತರರು ಪಕ್ಕದಲ್ಲಿ ನಿಂತು ಯಾವ ಕಾಲಂಗೆ ಯಾವ ದಾಖಲೆ ಎಂದಷ್ಟೇ ಹೇಳಿದರು. ಅವರಿಗೆ ಮೊದಲಿನಿಂದ ಬರುತ್ತಿದ್ದ ಕೆಲಸ ಅದೇ ತಾನೆ?

ಎಲ್ಲ ಮುಗಿದ ಮೇಲೆ ನೋಡಿದರೆ ಆಧಾರ್ ಪ್ರತಿ ಕಂಪ್ಯೂಟರಿನಲ್ಲೇ ಉಳಿದಿತ್ತು. ಹಿಂದಿನ ವಾರದ್ದೂ ನಾಲ್ಕಿದ್ದವು, ಯಾರು ಬೇಕಾದರೂ ತೆರೆಯುವಂತೆ. ಮಾಸ್ತರರು ಒಂದೊಂದಾಗಿ ಅಳಿಸಿ ಕೈ ಕೊಡವಿದರು. ಪಕ್ಕದಲ್ಲಿ ಕಾಮಿಕ್ಸ್ ಓದುತ್ತಿದ್ದ ಏಳನೆಯ ತರಗತಿಯ ಹುಡುಗ ತಲೆ ಎತ್ತಿದ.

"ಸರ, ಅವು ಇನ್ನೂ ಹೋಗಿಲ್ರಿ. ಕಸದ ಬುಟ್ಟಿನೂ ಖಾಲಿ ಮಾಡಬೇಕ್ರಿ."

"ಹೌದೇನ್ಲೇ? ಎಲ್ಲೈತಿ ಅದು, ತೋರ್ಸು ಬಾ."