ಹೆಸರು ಬರೆಸಿದವರು, ಬಾರದೆ ಹೋದವರು

ಮೈಸೂರಿನ ನಮ್ಮ ಬಡಾವಣೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲೊಂದು ಜಿಮ್ ಇದೆ. ಡಿಸೆಂಬರ್ ಕೊನೆಯಲ್ಲಿ ಸರ್ಕಲ್ಲಿನ ಹತ್ತಿರ ಅದರ ಫ್ಲೆಕ್ಸ್ ಏಳುತ್ತದೆ. ವರ್ಷಕ್ಕೆ ಕಟ್ಟಿದರೆ ಮೂರು ತಿಂಗಳು ಉಚಿತ, ಇಬ್ಬರು ಸೇರಿದರೆ ಇನ್ನೂ ಕಡಿಮೆ. ಜನವರಿ ಮೊದಲ ವಾರ ಟ್ರೆಡ್‌ಮಿಲ್ ಹತ್ತಲು ಸರದಿ ನಿಲ್ಲಬೇಕು. ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವಷ್ಟರಲ್ಲಿ ಸರದಿ ತೆಳ್ಳಗಾಗುತ್ತದೆ. ಶಿವರಾತ್ರಿ ಕಳೆದರೆ ಉಳಿಯುವುದು ಹಳೇ ಮುಖಗಳೇ. ಹೀಗಾಗುತ್ತದೆ ಎಂದು ಮಾಲೀಕರಿಗೂ ಗೊತ್ತು, ಸೇರುವವರಿಗೂ ಗೊತ್ತು. ಗೊತ್ತಿದ್ದೂ ಮರುವರ್ಷ ಅದೇ ಆಫರ್, ಅದೇ ಸರದಿ. ಇದು ಯಾಕೆ ಹೀಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಆಗಾಗ ಬರೆದಿಟ್ಟುಕೊಂಡದ್ದು ಇಲ್ಲಿದೆ.

*

ಮಾಲೀಕರನ್ನೇ ಒಮ್ಮೆ ಕೇಳಿದೆ. ಅವರು ರಿಜಿಸ್ಟರ್ ಮುಚ್ಚಿ ಹೇಳಿದರು: "ಸಾರ್, ಜನ ಸೇರಿಸೋದು ಕಷ್ಟ ಅಲ್ಲ. ಸೇರಿದೋರು ಯಾಕೆ ಬಿಟ್ರು ಅಂತ್ಲೇ ಗೊತ್ತಾಗಲ್ಲ. ಯಾರೂ ಹೇಳಿ ಹೋಗಲ್ವಲ್ಲ."

ಈ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ಅಂಗಡಿಯಲ್ಲಿ ಸಾಮಾನು ಸರಿಯಿಲ್ಲದಿದ್ದರೆ ಜಗಳ ಆಡುತ್ತೇವೆ, ಹೋಟೆಲಿನಲ್ಲಿ ಸಾಂಬಾರು ಹಳಸಿದ್ದರೆ ಮಾಣಿಯನ್ನು ಕರೆದು ತೋರಿಸುತ್ತೇವೆ. ಜಿಮ್ ಬಿಟ್ಟವನು ಮಾತ್ರ ಬಾಯಿ ಬಿಡುವುದಿಲ್ಲ. ತಪ್ಪು ತನ್ನದೇ, ತನ್ನ ಸೋಮಾರಿತನವೇ ಎಂದುಕೊಂಡು ಆ ರಸ್ತೆಯಲ್ಲಿ ಓಡಾಡುವುದನ್ನೂ ಕಡಿಮೆ ಮಾಡುತ್ತಾನೆ. ಎಷ್ಟೋ ಸಲ ತಪ್ಪು ಅವನದಾಗಿರುವುದಿಲ್ಲ.

*

ಅಮೆರಿಕದಲ್ಲಿ ಪಾಠ ಹೇಳುವ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಈ ವಿಷಯದ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿನ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಮೂರು ವರ್ಷಗಳ ಹಾಜರಿಯನ್ನು ಅವರು ಲೆಕ್ಕ ಹಾಕಿದ್ದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ತಿಂಗಳಲ್ಲಿ ಸರಾಸರಿ ಬಂದದ್ದು 4.3 ಸಲ. ಅಂದರೆ ಒಂದು ಸಲದ ವ್ಯಾಯಾಮಕ್ಕೆ 17 ಡಾಲರಿಗೂ ಮಿಗಿಲು ಬಿತ್ತು. ಹತ್ತು ಸಲಕ್ಕೆ ಸಿಗುವ ಪಾಸ್ ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ನಾಳೆಯಿಂದ ತಾನು ತಪ್ಪದೆ ಹೋಗುತ್ತೇನೆ ಎಂದು ಮನುಷ್ಯ ಇವತ್ತು ನಂಬುವುದೇ ಇದಕ್ಕೆ ಮುಖ್ಯ ಕಾರಣ ಎಂಬುದು ಅವರ ವಾದ. ಇನ್ನೂ ಒಂದು ಸಂಗತಿ: ಬರುವುದು ನಿಂತ ಮೇಲೂ ಸದಸ್ಯತ್ವ ರದ್ದು ಮಾಡಿಸಲು ಜನ ಸರಾಸರಿ ಎರಡು ತಿಂಗಳಿಗೂ ಹೆಚ್ಚು ತಡ ಮಾಡುತ್ತಿದ್ದರು. ಅಷ್ಟೂ ದಿನ ಕಾರ್ಡಿನಿಂದ ಹಣ ತಾನಾಗಿ ಕಡಿತವಾಗುತ್ತಿತ್ತು.

ಇದನ್ನು ಓದಿದಾಗ ನಮ್ಮೂರ ಒಗಟು ಬಗೆಹರಿಯಿತು ಅನ್ನಿಸಿತು. ಆಮೇಲೆ ನೋಡಿದರೆ ಇಲ್ಲಿನ ಲೆಕ್ಕವೇ ಬೇರೆ. ನಮ್ಮ ಬಡಾವಣೆಯ ಜಿಮ್‌ಗೆ ಯಾರ ಕಾರ್ಡಿನಿಂದಲೂ ಹಣ ತಾನಾಗಿ ಬರುವುದಿಲ್ಲ. ಅವಧಿ ಮುಗಿದ ಮೇಲೆ ಸದಸ್ಯ ಮತ್ತೆ ಮೆಟ್ಟಿಲು ಹತ್ತಿ ಬಂದು, ಮೇಜಿನ ಮುಂದೆ ನಿಂತು, ಕ್ಯೂಆರ್ ಕೋಡ್‌ಗೆ ಫೋನ್ ಹಿಡಿಯಬೇಕು. ಬಾರದವನಿಂದ ಸಿಗುವ ಲಾಭ ಒಂದು ವರ್ಷದ್ದು, ಅಷ್ಟೇ. ಬಾಡಿಗೆ, ಕರೆಂಟು, ಮೆಷಿನ್‌ಗಳ ಸಾಲದ ಕಂತು ಪ್ರತಿ ತಿಂಗಳೂ ಬರುತ್ತವೆ. ಗೈರುಹಾಜರಾದವರ ಹಣದ ಮೇಲೆ ದೊಡ್ಡ ಕಂಪನಿ ಬದುಕಬಹುದು, ಬಡಾವಣೆಯ ಜಿಮ್ ಬದುಕಲಾರದು. ಆದರೂ ಮಾಲೀಕರ ಗಮನವೆಲ್ಲ ಹೊಸಬರನ್ನು ಕರೆಯುವುದರಲ್ಲೇ ಇದೆ. ಒಗಟು ಇರುವುದು ಇಲ್ಲೇ.

*

2025ರ ಸೆಪ್ಟೆಂಬರ್ 22ರಿಂದ ಜಿಮ್‌ಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಇನ್ನು ಜನ ಹೆಚ್ಚು ಬರುತ್ತಾರೆ ಎಂದು ಟೀ ಅಂಗಡಿಯಲ್ಲಿ ಮಾತು. ಆದರೆ ವರ್ಷದ ವಹಿವಾಟು 20 ಲಕ್ಷ ದಾಟದ ಸೇವಾ ವ್ಯವಹಾರಕ್ಕೆ ಜಿಎಸ್‌ಟಿ ನೋಂದಣಿಯೇ ಕಡ್ಡಾಯವಲ್ಲ. ಸಣ್ಣ ಜಿಮ್‌ನ ಸದಸ್ಯ ಆ ತೆರಿಗೆಯನ್ನು ಮೊದಲೂ ಕಟ್ಟುತ್ತಿರಲಿಲ್ಲ. ಅವನು ಬಿಟ್ಟದ್ದು ದುಡ್ಡಿಗಲ್ಲ.

*

ಗರಡಿಮನೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು. ಮೈಸೂರಿನಲ್ಲಿದ್ದು ಅದನ್ನು ಬಿಟ್ಟು ಈ ವಿಷಯ ಯೋಚಿಸಲಾಗದು.

ಹಳೇ ಮೊಹಲ್ಲಾಗಳಲ್ಲಿ ಈಗಲೂ ಕೆಲವು ಗರಡಿಗಳು ನಡೆಯುತ್ತಿವೆ. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿದ ಗದೆ, ಕಲ್ಲಿನ ಗುಂಡು, ನಡುವೆ ಅರಿಸಿನ, ಕುಂಕುಮ, ಎಣ್ಣೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಕನ್ನಡಿಯಿಲ್ಲ, ಹಾಡಿಲ್ಲ, ಏಸಿಯಂತೂ ಇಲ್ಲವೇ ಇಲ್ಲ. ಜಿಮ್‌ನವರು ಸೌಕರ್ಯ ಎನ್ನುವ ಯಾವುದೂ ಅಲ್ಲಿಲ್ಲ. ಹಾಗಿದ್ದೂ ಅಪ್ಪನ ಹಿಂದೆ ಮಗ, ಮಗನ ಹಿಂದೆ ಮೊಮ್ಮಗ ಬಂದ ಮನೆಗಳಿವೆ. ಭಕ್ತಿ, ಪರಂಪರೆ, ಅರಮನೆಯ ಆಶ್ರಯ ಎಂದು ಕಾರಣ ಹೇಳುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಅಲ್ಲಿ ಕೂತು ನೋಡಿದಾಗ ನನಗೆ ಕಂಡದ್ದು ಇನ್ನೂ ಸರಳ.

ಮೊದಲನೆಯದು, ಹೊಸ ಹುಡುಗನಿಗೆ ಬಂದ ದಿನವೇ ಕೆಲಸ ಸಿಗುತ್ತದೆ. ಮಟ್ಟಿ ಅಗೆಯಬೇಕು, ಹದ ಮಾಡಬೇಕು. ಅದು ವ್ಯಾಯಾಮವೂ ಹೌದು, ಎಲ್ಲರಿಗೂ ಬೇಕಾದ ಕೆಲಸವೂ ಹೌದು. ಎರಡನೆಯದು, ಕುಸ್ತಿಗೆ ಎದುರಾಳಿ ಬೇಕು. ನಾನು ಇವತ್ತು ಹೋಗದಿದ್ದರೆ ನನ್ನ ಜೊತೆ ಪಟ್ಟು ಕಲಿಯುವವನ ಅಭ್ಯಾಸವೂ ನಿಲ್ಲುತ್ತದೆ. ಅವನು ಸಂಜೆ ಮನೆ ಬಾಗಿಲಿಗೆ ಬಂದು ಕೇಳುತ್ತಾನೆ, "ಯಾಕೋ, ಎಲ್ಲಿ ಹೋಗಿದ್ದೆ?" ಟ್ರೆಡ್‌ಮಿಲ್ ಯಾರ ಮನೆಗೂ ಬಂದು ಹಾಗೆ ಕೇಳುವುದಿಲ್ಲ. ಮೂರನೆಯದು, ದಸರಾ. ನಾಡಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಬರುತ್ತದೆ, ಯಾರಿಗೆ ಯಾರು ಎಂದು ಹಿರಿಯರು ನಿಶ್ಚಯಿಸುತ್ತಾರೆ. ಆಮೇಲೆ ಪೈಲ್ವಾನನ ಮುಂದೆ ಒಂದು ತಾರೀಖು ಇರುತ್ತದೆ, ಒಬ್ಬ ಎದುರಾಳಿ ಇರುತ್ತಾನೆ, ನೋಡಲು ಊರಿರುತ್ತದೆ. ಜಿಮ್‌ಗೆ ಸೇರಿದವನ ಮುಂದೆ ಇರುವುದು "ಹೊಟ್ಟೆ ಕರಗಬೇಕು" ಎಂಬ ಆಸೆಯೊಂದೇ. ಅದಕ್ಕೆ ತಾರೀಖಿಲ್ಲ.

ಇಷ್ಟೆಲ್ಲ ಇದ್ದೂ ಗರಡಿಗಳು ಖಾಲಿಯಾಗುತ್ತಿವೆ, ಕೆಲವು ಪೂಜೆಗೆ ಮಾತ್ರ ಬಾಗಿಲು ತೆರೆಯುತ್ತವೆ. ಮಂಡಿ ನೋವಿನ ಐವತ್ತರ ಗುಮಾಸ್ತನಿಗೆ ಅಲ್ಲಿ ಜಾಗವಿರಲಿಲ್ಲ. ಹೆಂಗಸರಿಗಂತೂ ಬಾಗಿಲೇ ಇರಲಿಲ್ಲ. ದಸರೆಯಲ್ಲಿ ಮಹಿಳೆಯರ ಕುಸ್ತಿಯೂ ನಡೆಯುವ ಈ ಕಾಲಕ್ಕೆ ಹಳೇ ಗರಡಿ ಇನ್ನೂ ಒಗ್ಗಿಕೊಂಡಿಲ್ಲ. ಒಳಗಿದ್ದವರನ್ನು ಉಳಿಸಿಕೊಳ್ಳುವ ವಿದ್ಯೆ ಗರಡಿಗೆ ಗೊತ್ತಿತ್ತು, ಹೊರಗಿನವರನ್ನು ಕರೆಯುವುದು ಗೊತ್ತಿರಲಿಲ್ಲ. ಜಿಮ್ ಇದಕ್ಕೆ ಪೂರ್ತಿ ತಿರುವುಮುರುವು. ಎರಡೂ ಒಂದೇ ಊರಲ್ಲಿ, ಕೂಗಳತೆಯ ದೂರದಲ್ಲಿದ್ದು ಒಂದರಿಂದ ಇನ್ನೊಂದು ಏನೂ ಕಲಿಯಲಿಲ್ಲವಲ್ಲ ಎಂಬುದೇ ನನಗೆ ಅಚ್ಚರಿ.

*

ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಇದ್ದರು. "ಶಾಂತಲಾ", "ರೂಪದರ್ಶಿ" ಕಾದಂಬರಿಗಳಿಂದ ಕನ್ನಡಿಗರು ಅವರನ್ನು ಬಲ್ಲರು. ಆದರೆ ಅವರ ವೃತ್ತಿ ಅಂಗಸಾಧನೆ ಕಲಿಸುವುದು. ಜೆ.ಸಿ. ರಸ್ತೆಯ ಅವರ ವ್ಯಾಯಾಮಶಾಲೆಗೆ ಬಂದು ಕಲಿತವರಿದ್ದರು, ದೂರದ ಊರುಗಳಲ್ಲಿ ಕೂತು ಅಂಚೆಯಲ್ಲಿ ಪಾಠ ತರಿಸಿಕೊಂಡವರೂ ಇದ್ದರು. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತರು. ಹಾಗಾಗಿ ಅಲ್ಲಿ ಬರೀ ಡಂಬೆಲ್ ಎತ್ತುವುದಷ್ಟೇ ನಡೆಯಲಿಲ್ಲ, ನಾಟಕವೂ ಸಾಹಿತ್ಯವೂ ಸುತ್ತ ಬೆಳೆದವು. ಮೈ ದಂಡಿಸಲು ಬಂದವನು ಮಾತಿಗಾಗಿಯೂ ಅಲ್ಲಿ ಉಳಿಯಬಹುದಿತ್ತು. ಈಗಿನ ಜಿಮ್‌ಗಳಲ್ಲಿ ಹಾಡಿನ ಅಬ್ಬರಕ್ಕೆ ಪಕ್ಕದವನ ಹೆಸರು ಕೇಳಲೂ ಆಗುವುದಿಲ್ಲ. ದನಿ ಸ್ವಲ್ಪ ತಗ್ಗಿಸಿದರೆ ಖರ್ಚೇನೂ ಇಲ್ಲ.

*

ಬೆಳಿಗ್ಗೆ ಹತ್ತರಿಂದ ಹನ್ನೆರಡರ ಲೇಡೀಸ್ ಬ್ಯಾಚು. ಮನೆಯವರನ್ನು ಆಫೀಸಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ಹೆಂಗಸರು. ನಮ್ಮ ಜಿಮ್‌ನಲ್ಲಿ ಬಿಟ್ಟುಹೋಗುವವರು ತೀರ ಕಡಿಮೆ ಇರುವುದು ಈ ಬ್ಯಾಚಿನಲ್ಲೇ. ಒಬ್ಬರು ಇನ್ನೊಬ್ಬರನ್ನು ಮನೆಯಿಂದ ಕರೆದುಕೊಂಡೇ ಬರುತ್ತಾರೆ. ಒಬ್ಬರು ಬಾರದಿದ್ದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ, "ಏನ್ರೀ, ಹುಷಾರಿಲ್ವಾ?" ಎಂದು ತಕ್ಷಣ ವಿಚಾರಿಸುತ್ತಾರೆ. ಗರಡಿಯಲ್ಲಿ ಕಂಡದ್ದೇ ಇಲ್ಲೂ ಕಾಣುತ್ತಿದೆ. ಮಟ್ಟಿಯಿಲ್ಲ, ಕುಸ್ತಿ ಕಲಿಸುವ ಉಸ್ತಾದರಿಲ್ಲ, ಆದರೆ ಬಾರದವರನ್ನು ಹುಡುಕುವವರು ಇದ್ದಾರೆ.

2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಶೇ 49ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ 42, ಹೆಂಗಸರಲ್ಲಿ ಶೇ 57. ಸಾಕಷ್ಟು ಎಂದರೆ ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಷ್ಟು. ಹೆಚ್ಚು ಅಗತ್ಯ ಇರುವುದು ಹೆಂಗಸರಿಗೆ, ಹೆಚ್ಚು ನಿಷ್ಠೆಯಿಂದ ಬರುವವರೂ ಅವರೇ. ಹೀಗಿದ್ದೂ ಅವರಿಗೆ ಮೀಸಲು ಎರಡು ಗಂಟೆ ಮಾತ್ರ. ಬಟ್ಟೆ ಬದಲಿಸುವ ಕೋಣೆಯ ಚಿಲಕ ಕೆಟ್ಟು ಬಹಳ ದಿನ ಆಗಿತ್ತು. ಅದನ್ನು ಸರಿಪಡಿಸುವ ಮುಂಚೆ ಹೊಸ ಸೌಂಡ್ ಸಿಸ್ಟಂ ಬಂತು. ಇದು ನನಗೆ ಅರ್ಥವಾಗಿಲ್ಲ, ಒಪ್ಪಿಗೆಯೂ ಇಲ್ಲ.

*

2021ರ ಅಕ್ಟೋಬರ್ 29. ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ಹೋದ ದಿನ. ಅಪ್ಪುವಿಗೆ 46 ವರ್ಷ. ವ್ಯಾಯಾಮ, ಡಾನ್ಸು, ಫಿಟ್‌ನೆಸ್ ಎಂದರೆ ಕರ್ನಾಟಕದ ಹುಡುಗರಿಗೆ ನೆನಪಾಗುತ್ತಿದ್ದ ಮುಖವೇ ಅದು. ಮರುವಾರದಿಂದ ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ನೂಕುನುಗ್ಗಲು, ಜಿಮ್‌ಗಳಲ್ಲಿ ಅಂಜಿಕೆ. "ಬೇಡಪ್ಪಾ, ಜಿಮ್‌ಗೆ ಹೋಗಬೇಡ" ಎಂದು ತಾಯಂದಿರು ಮಕ್ಕಳನ್ನು ತಡೆದರು. ವ್ಯಾಯಾಮವೇ ಮುಳುವಾಯಿತೆಂದು ಯಾರೂ ಸಾಬೀತು ಮಾಡಿರಲಿಲ್ಲ, ಆದರೂ ಭಯಕ್ಕೆ ಅಷ್ಟು ಸಾಕಾಗಿತ್ತು.

ಆ ಭಯ ಕಲಿಸಬೇಕಾದದ್ದು ಒಂದಿತ್ತು. ಸೇರುವವನ ಬಿಪಿ ಎಷ್ಟು, ಸಕ್ಕರೆ ಕಾಯಿಲೆ ಇದೆಯೆ, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೆ ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳುವುದು. ಎದೆ ಒತ್ತಿ ಉಸಿರು ಮರಳಿಸುವ ಸಿಪಿಆರ್ ತರಬೇತಿ ಪಡೆದವರೊಬ್ಬರು ಸದಾ ಇರುವುದು. ಇದು ಪ್ರಾಣ ಕಾಯುವ ಕೆಲಸ. ಜೊತೆಗೆ, ನನ್ನ ಬಗ್ಗೆ ಇಲ್ಲಿ ಯಾರಿಗೋ ಕಾಳಜಿ ಇದೆ ಎಂದು ಸದಸ್ಯನಿಗೆ ಮೊದಲ ದಿನವೇ ತಿಳಿಯುತ್ತದೆ. ಎಷ್ಟೋ ಕಡೆ ಇವತ್ತಿಗೂ ಅರ್ಜಿಯಲ್ಲಿ ಹೆಸರು, ಮೊಬೈಲ್ ನಂಬರ್, ಕಟ್ಟಿದ ಮೊತ್ತ ಇಷ್ಟೇ ಇರುತ್ತದೆ.

*

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯ ಮೇಲೆ ಮಾಡಿದ ಅಧ್ಯಯನವೊಂದಿದೆ. ದಿನಾ ಒಂದೇ ಹೊತ್ತಿಗೆ ಮಾಡುವ ಕೆಲಸ ಎಷ್ಟು ದಿನಕ್ಕೆ ತಾನಾಗಿ ರೂಢಿಯಾಗುತ್ತದೆ ಎಂಬುದು ಪ್ರಶ್ನೆ. ಬಂದ ಉತ್ತರ ಸುಮಾರು 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂದೂ ಅವರು ಕಂಡರು.

ಜನವರಿ 1ಕ್ಕೆ ಸೇರಿದವನಿಗೆ 66 ದಿನ ತುಂಬುವುದು ಮಾರ್ಚ್ ಮೊದಲ ವಾರ ದಾಟುವಾಗ. ನಮ್ಮ ಜಿಮ್ ಅಷ್ಟರೊಳಗೇ ಖಾಲಿಯಾಗಿರುತ್ತದೆ. ರೂಢಿ ಕೂರುವ ಮುಂಚೆಯೇ ಮನುಷ್ಯ ಕಳೆದುಹೋಗುತ್ತಾನೆ. ಒಂದು ವಾರ ಜ್ವರ ಬಂದು ತಪ್ಪಿಸಿದವನು ಎಲ್ಲ ಮುಗಿಯಿತು ಎಂದುಕೊಂಡು ಮನೆಯಲ್ಲೇ ಉಳಿಯುತ್ತಾನೆ. ಏನೂ ಮುಗಿದಿಲ್ಲ, ನಾಳೆ ಬನ್ನಿ ಎಂದು ಆ ಹೊತ್ತಿಗೆ ಹೇಳುವವರು ಬೇಕಿತ್ತು.

*

ಅದನ್ನು ಹೇಳಬೇಕಾದವನು ತರಬೇತಿ ಕೊಡುವ ಹುಡುಗ. ಅವನ ಸಂಬಳ ಕೇಳಿದರೆ ಮನಸ್ಸು ಮುದುಡುತ್ತದೆ. ಸಂಬಳ ಸಾಲದ್ದಕ್ಕೆ ಪ್ರೋಟೀನ್ ಡಬ್ಬಿ ಮಾರಿದರೆ ಕಮಿಷನ್, ಪರ್ಸನಲ್ ಟ್ರೈನಿಂಗ್ ಹಿಡಿದರೆ ಪಾಲು. ಸಹಜವಾಗಿ ಅವನ ಕಣ್ಣು ಹೆಚ್ಚು ಕೊಡುವವರ ಕಡೆ ಇರುತ್ತದೆ. ಮೂಲೆಯಲ್ಲಿ ಬೆನ್ನು ಬಗ್ಗಿಸಿ ತಪ್ಪಾಗಿ ಭಾರ ಎತ್ತುತ್ತಿರುವ ಹೊಸಬನ ಕಡೆ ಹೋಗುವುದಿಲ್ಲ. ಆ ಹೊಸಬ ನಾಲ್ಕು ದಿನಕ್ಕೆ ಸೊಂಟ ಹಿಡಿದುಕೊಂಡು ಮನೆ ಸೇರುತ್ತಾನೆ. ಒಳ್ಳೆಯ ಹುಡುಗನೊಬ್ಬ ಇನ್ನೂ ಎರಡು ಸಾವಿರಕ್ಕೆ ಬೇರೆ ಜಿಮ್‌ಗೆ ಹೋದಾಗ ಅವನ ಬ್ಯಾಚಿನ ಬಹುಪಾಲು ಮಂದಿ ಅವನ ಹಿಂದೆಯೇ ಹೋದದ್ದನ್ನು ನೋಡಿದ್ದೇನೆ. ಸದಸ್ಯರು ಸೇರಿದ್ದು ಜಿಮ್‌ಗೆ, ಉಳಿದದ್ದು ಅವನಿಗಾಗಿ.

*

ಆಯುಧಪೂಜೆ. ಮೆಷಿನ್‌ಗಳಿಗೆಲ್ಲ ಅರಿಸಿನ ಕುಂಕುಮ, ಡಂಬೆಲ್‌ಗಳಿಗೆ ಸೇವಂತಿಗೆ, ಬಾಗಿಲಲ್ಲಿ ಬೂದುಗುಂಬಳ. ಬಿಟ್ಟುಹೋದ ಹಳಬರೂ ಆ ದಿನ ಬರುತ್ತಾರೆ, ಪುರಿ, ಸಿಹಿ ತಿಂದು ನಗುತ್ತ ಮಾತಾಡುತ್ತಾರೆ. ಬಿಟ್ಟವರಿಗೆ ಜಾಗದ ಮೇಲೆ ಸಿಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅವತ್ತು ಯಾರಾದರೂ ಪಕ್ಕಕ್ಕೆ ಕರೆದು, "ನಾಳಿದ್ದು ಆರಕ್ಕೆ ಬನ್ನಿ ಅಣ್ಣ, ನಾನಿರ್ತೀನಿ" ಎಂದರೆ ಕೆಲವರಾದರೂ ಬರುತ್ತಾರೆ.

*

ಶಟರ್ ವಿಷಯವೂ ಸಣ್ಣದಲ್ಲ. ಐದೂವರೆಗೆ ತೆರೆಯುತ್ತೇವೆ ಎಂದ ಮೇಲೆ ಐದೂವರೆಗೆ ತೆರೆಯಬೇಕು. ಏಳಕ್ಕೆ ಡ್ಯೂಟಿಗೆ ಹೋಗುವ ನರ್ಸು, ಬಸ್ ಕಂಡಕ್ಟರು ಬೀದಿಯಲ್ಲಿ ಇಪ್ಪತ್ತು ನಿಮಿಷ ಕಾದರೆ ಮೂರನೇ ದಿನ ಬರುವುದಿಲ್ಲ.

*

ಬರೆದದ್ದನ್ನೆಲ್ಲ ತಿರುಗಿ ಓದಿದೆ. ನನ್ನ ತೀರ್ಮಾನ ಇಷ್ಟು: ಸದಸ್ಯರನ್ನು ಕಟ್ಟಿಹಾಕುವುದು ಆಫರ್ ಅಲ್ಲ, ಮೆಷಿನ್ ಅಲ್ಲ. ಬಾರದ ದಿನ ಯಾರಾದರೂ ಕೇಳುತ್ತಾರೆಯೆ ಎಂಬುದು. ಜಿಮ್ ನಡೆಸುವವರಲ್ಲಿ ನನ್ನ ವಿನಂತಿ: ಹೊಸಬರ ಮೊದಲ ಎರಡು ತಿಂಗಳ ಹಾಜರಿ ದಿನಾ ನೋಡಿ. ಐದು ದಿನ ಕಾಣದವರಿಗೆ ಫೋನ್ ಮಾಡಿ, ನವೀಕರಣದ ಮಾತು ಎತ್ತದೆ ಆರೋಗ್ಯ ಹೇಗಿದೆ ಎಂದಷ್ಟೇ ಕೇಳಿ. ತರಬೇತಿ ಕೊಡುವ ಹುಡುಗರಿಗೆ ಬದುಕುವಷ್ಟು ಸಂಬಳ ಕೊಡಿ.

ಓದುಗರಲ್ಲೂ ಒಂದು ಕೋರಿಕೆ. ಜಿಮ್ ಬಿಟ್ಟಿದ್ದರೆ ಒಮ್ಮೆ ಹೋಗಿ ಕಾರಣ ಹೇಳಿಬನ್ನಿ. ಚಿಲಕ ಕೆಟ್ಟಿತ್ತು, ಸೊಂಟ ಹಿಡಿಯಿತು, ಯಾರೂ ಮಾತಾಡಿಸಲಿಲ್ಲ, ಏನಿದ್ದರೂ ಸರಿ. ನೀವು ಹೇಳದೆ ಅವರಿಗೆ ತಿಳಿಯುವ ದಾರಿ ಇಲ್ಲ.