14 ಅಂಕಿಗಳ ಸಂಖ್ಯೆ

2024 ಜುಲೈ 8, ಸೋಮವಾರ
ಪುಣಜನೂರು

ಬೆಳಿಗ್ಗೆಯಿಂದ ಸೋನೆ ಬಿಟ್ಟಿಲ್ಲ. ಸೋಲಿಗರ ಹಾಡಿಯಲ್ಲಿ, ಅಂದರೆ ಪೋಡಿನಲ್ಲಿ, ಅಭಾ ಎಂಬ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಯ ನೋಂದಣಿ ಇತ್ತು. ಆಶಾ ಕಾರ್ಯಕರ್ತೆ ಮೊದಲೇ ಮನೆಮನೆಗೆ ಹೇಳಿ ಬಂದಿದ್ದರಿಂದ ಜನ ಕೂಲಿ ಬಿಟ್ಟು ಕಾದಿದ್ದರು. ಪೋಡಿನೊಳಗೆ ನೆಟ್‌ವರ್ಕ್ ಇಲ್ಲ. ದಿಬ್ಬ ಹತ್ತಿದರೆ ಫೋನು ತಮಿಳುನಾಡಿನ ಟವರ್ ಹಿಡಿಯುತ್ತದೆ. ಅಲ್ಲೇ ಛತ್ರಿ ಹಿಡಿದು ನಿಂತು ಒಬ್ಬೊಬ್ಬರ ಆಧಾರ್ ಸಂಖ್ಯೆ ಹಾಕಿದೆವು.

ಸಂಖ್ಯೆ ಹಾಕಿದರೆ ಒಟಿಪಿ ಬರಬೇಕು. ಒಬ್ಬ ಅಜ್ಜಿಯ ಆಧಾರಿಗೆ ಜೋಡಿಸಿರುವುದು ಮಗನ ನಂಬರು. ಮಗ ಕಾಫಿ ತೋಟದ ಕೆಲಸಕ್ಕೆ ಕೊಡಗಿಗೆ ಹೋಗಿದ್ದಾನೆ. ಇನ್ನೊಬ್ಬರದು, ಆಧಾರ್ ಮಾಡಿಸಿದ ದಿನ ಪಕ್ಕದಲ್ಲಿ ನಿಂತಿದ್ದ ಯಾರದೋ ನಂಬರು. ಬೆರಳಚ್ಚಿನಿಂದ ಮಾಡೋಣವೆಂದರೆ ಲಂಟಾನ ಸೀಳಿ ಬುಟ್ಟಿ ಹೆಣೆದ ಕೈಗಳು. ಗೆರೆ ಸವೆದು ಹೋಗಿದೆ, ಯಂತ್ರ ಒಪ್ಪಲಿಲ್ಲ.

"ನಂಬರು ಮಾಡಿಸಿದ್ರೆ ಏನು ಸಿಕ್ಕದವ್ವ?" ಎಂದರು ಅಜ್ಜಿ.

"ಯಾವ ಆಸ್ಪತ್ರೆಗೆ ಹೋದ್ರೂ ನಿಮ್ಮ ಹಳೇ ಚೀಟಿ ಕಂಪ್ಯೂಟರಲ್ಲಿ ಕಾಣ್ತದೆ ಅಜ್ಜಿ" ಎಂದೆ. ಚೀಟಿಯಲ್ಲಿರುವುದನ್ನು ಯಾರಾದರೂ ಕುಳಿತು ಒಳಗೆ ಹಾಕಿದ್ದರೆ ಮಾತ್ರ ಅದು ಕಾಣುವುದು. ಅಷ್ಟನ್ನೂ ಅವರಿಗೆ ಬಿಡಿಸಿ ಹೇಳಿದೆ.

ಜುಲೈ 11, ಗುರುವಾರ

ಲಸಿಕೆ ದಿನ. ತಮಿಳುನಾಡಿನ ತಾಳವಾಡಿ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ, ಚೊಚ್ಚಲ ಬಸುರಿ, ಪರೀಕ್ಷೆಗೆ ಬಂದಳು. ತವರಿನಲ್ಲಿದ್ದಾಗ ಮಾಡಿಸಿದ ಪುಸ್ತಕ ತಮಿಳಿನಲ್ಲಿದೆ, ಅದರ ಮೇಲೆ ಅವರ ರಾಜ್ಯದಲ್ಲಿ ಗರ್ಭಿಣಿಯರಿಗೆ ಕೊಡುವ ಪಿಕ್ಮಿ ನಂಬರು. ನಾನು ನಮ್ಮ ರಾಜ್ಯದ ತಾಯಿ ಕಾರ್ಡ್ ಮಾಡಬೇಕು, ಹೊಸ ನಂಬರು ಕೊಡಬೇಕು. ಹಿಮೋಗ್ಲೋಬಿನ್ ಹಿಂದೆ ಎಷ್ಟಿತ್ತು ಎಂದು ಪುಸ್ತಕ ನೋಡಿ ಊಹಿಸಿ ಓದಿದೆ. ಪುಸ್ತಕದ ಅಂಕಿಗಳು ನಾವು ಬರೆಯುವಂಥವೇ ಆದ್ದರಿಂದ ಬಚಾವು.

ಅವಳ ಮಾತು ಕನ್ನಡ, ನಮ್ಮ ಮಾತೂ ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಕೂಡ ಆ ಕಡೆಗೇ ಸೇರಿದ್ದು. ಅಲ್ಲಿನವರು ಆಸ್ಪತ್ರೆಗೆಂದು ಚಾಮರಾಜನಗರಕ್ಕೆ ಬರುವುದು ಹೊಸದೇನಲ್ಲ. ಅವರು ತಮಿಳುನಾಡಿನ ಕಡೆ ಇಳಿಯಬೇಕಾದ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಇದ್ದರೂ ಕತ್ತಲಾದ ಮೇಲೆ ಘಾಟಿ ಇಳಿಯಲು ಯಾರಿಗೂ ಮನಸ್ಸಿಲ್ಲ. ಇಡೀ ದೇಶಕ್ಕೆ ಒಂದೇ ದಾಖಲೆ ಎಂಬ ಮಾತು ಎಲ್ಲಾದರೂ ನಿಜವಾಗಬೇಕಿದ್ದರೆ ಮೊದಲು ಈ ಗಡಿಯಲ್ಲಿ ಆಗಬೇಕು.

ಸಂಜೆ ದಾಖಲಾತಿ. ಗರ್ಭಿಣಿಯರದು ಒಂದು ಆ್ಯಪ್, ಮಕ್ಕಳ ಲಸಿಕೆಗೆ ಯು-ವಿನ್, ಬಿಪಿ ಶುಗರಿಗೆ ಬೇರೆ, ಕ್ಷಯಕ್ಕೆ ನಿಕ್ಷಯ್, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಮತ್ತೊಂದು. ಒಬ್ಬ ಹೆಂಗಸಿನ ಹೆಸರನ್ನೇ ಎಲ್ಲದರಲ್ಲೂ ಬರೆಯಬೇಕು, ರಿಜಿಸ್ಟರಿನಲ್ಲಿ ಕೈಯಲ್ಲೂ ಬರೆಯಬೇಕು. ಮಾದಮ್ಮ ಎಂಬ ಹೆಸರಿನವರೇ ಪೋಡಿನಲ್ಲಿ ಎಷ್ಟು ಜನ! ವಯಸ್ಸಾದವರ ಹುಟ್ಟಿದ ದಿನ ಆಧಾರಿನಲ್ಲಿ ಜನವರಿ 1. ಒಬ್ಬರ ಬಿಪಿ ಇನ್ನೊಬ್ಬರ ಖಾತೆಗೆ ಹೋದರೆ ಮಾತ್ರೆಯೂ ತಪ್ಪಿಹೋಗುತ್ತದೆ ಎಂಬ ಭಯದಲ್ಲಿ ಗಂಡನ ಹೆಸರು, ಮನೆ, ಎಲ್ಲಾ ನೋಡಿ ನೋಡಿ ಹಾಕುತ್ತೇನೆ. ಆ ಹೊತ್ತನ್ನೆಲ್ಲ ರೋಗಿಗಳ ಜೊತೆ ಕಳೆಯಬೇಕಿತ್ತು.

ಜುಲೈ 14, ಭಾನುವಾರ

ರಜೆ. ಕುಳಿತು ಓದಿದೆ. ನಮ್ಮ ದೇಶದಲ್ಲಿ ಅಭಾ ಕೊಡುವ ಡಿಜಿಟಲ್ ಆರೋಗ್ಯ ಮಿಷನ್ ಘೋಷಣೆಯಾದದ್ದು 2020ರ ಆಗಸ್ಟ್ 15ರಂದು, ದೇಶಕ್ಕೆಲ್ಲಾ ವಿಸ್ತರಿಸಿದ್ದು 2021ರ ಸೆಪ್ಟೆಂಬರ್ 27ರಂದು. ಇಂಗ್ಲೆಂಡಿನವರು ಇಂಥದ್ದನ್ನೇ 2002ರಲ್ಲಿ ಶುರು ಮಾಡಿ, ರಾಶಿ ಹಣ ಸುರಿದು, 2011ರಲ್ಲಿ ಕೈಬಿಟ್ಟರು. ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯರನ್ನೂ ದಾದಿಯರನ್ನೂ ಸರಿಯಾಗಿ ಕೇಳದೆ ಮೇಲಿನಿಂದ ಹೇರಿದ್ದು ಅದು ಬೀಳಲು ಒಂದು ದೊಡ್ಡ ಕಾರಣ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರಿಗೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆಯೂ ದಿನಗಟ್ಟಲೆ ಕಾಗದ ಪೆನ್ನು ಹಿಡಿಯಬೇಕಾಯಿತು. ನನ್ನ ರಿಜಿಸ್ಟರನ್ನು ಯಾರು ಏನೇ ಅಂದರೂ ನಾನು ಬಿಡುವುದಿಲ್ಲ.

ಜುಲೈ 19, ಶುಕ್ರವಾರ

ನಿನ್ನೆ ರಾತ್ರಿ ಪೋಡಿನ ಒಬ್ಬ ಹುಡುಗನಿಗೆ ನೋವು ಬಂತು. ಸಿಕಲ್ ಸೆಲ್ ಇರುವ ಹುಡುಗ. ಚಳಿ, ಮಳೆಯಲ್ಲಿ ನೆನೆದಿದ್ದ. ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಬರುವ ನೋವು ಅದು. ದೊಡ್ಡವರೂ ತಡೆಯಲಾರರು. 108 ಆಂಬುಲೆನ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ಕಳಿಸಿದೆ. ಅವನ ಅಪ್ಪ ಗಾಬರಿಯಲ್ಲಿ ಚೀಟಿಗಳ ಪ್ಲಾಸ್ಟಿಕ್ ಕವರನ್ನು ಮನೆಯಲ್ಲೇ ಬಿಟ್ಟು ಹೋದರು.

ಹುಡುಗನಿಗೆ ಅಭಾ ಸಂಖ್ಯೆ ಇದೆ. ಅವನ ರಕ್ತಪರೀಕ್ಷೆಯ ಫಲಿತಾಂಶ ಸಿಕಲ್ ಸೆಲ್ ಪೋರ್ಟಲಿನಲ್ಲಿದೆ. ಆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಎರಡೂ ಕಾಣಲಿಲ್ಲ. ಮೈಕೈ ನೋವು ಎಂದು ಬರೆದು ಕೂರಿಸಿದ್ದರಂತೆ. ಅಪ್ಪ ಪಕ್ಕದವರ ಫೋನಿನಿಂದ ನನಗೆ ಕರೆ ಮಾಡಿದರು. ರಿಜಿಸ್ಟರ್ ತೆಗೆದು ಪರೀಕ್ಷೆಯ ತಾರೀಖು, ರಕ್ತದ ಗುಂಪು, ಕೊಡುತ್ತಿರುವ ಹೈಡ್ರಾಕ್ಸಿಯೂರಿಯಾ ಎಲ್ಲಾ ಓದಿ ಹೇಳಿದೆ. ಆಮೇಲೆ ಡ್ರಿಪ್ ಹಾಕಿ ನೋವಿನ ಔಷಧಿ ಕೊಟ್ಟರು. ಈಗ ಪರವಾಗಿಲ್ಲ.

ನಾನು ನಿದ್ದೆಯಲ್ಲಿ ಫೋನು ಎತ್ತದೇ ಹೋಗಿದ್ದರೆ?

ಜುಲೈ 23, ಮಂಗಳವಾರ

ಇವತ್ತಿನದು ಮನಸ್ಸಿನಿಂದ ಹೋಗುತ್ತಿಲ್ಲ. ಸಿಕಲ್ ಸೆಲ್ ಮಿಷನ್ ಶುರುವಾಗಿ ಈ ತಿಂಗಳ 1ಕ್ಕೆ ಒಂದು ವರ್ಷ. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಗುರಿ. ನಮ್ಮಲ್ಲಿ ತಪಾಸಣೆಯಾದ ಒಬ್ಬ ಹುಡುಗಿ ವಾಹಕಿ ಎಂದು ಬಂದಿದೆ. ಅವಳಿಗೆ ಕಾಯಿಲೆ ಇಲ್ಲ. ಆದರೆ ವಾಹಕನನ್ನೇ ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಅವಳ ಅಮ್ಮ ನನ್ನ ಕೈ ಹಿಡಿದುಕೊಂಡು, "ಕಂಪ್ಯೂಟರ್‌ಗೆ ಹಾಕ್‌ಬ್ಯಾಡಿ ಸಿಸ್ಟರ್, ನಾಳೆ ಗಂಡಿನ ಕಡೆಯೋರು ನೋಡ್‌ಬುಟ್ರೆ?" ಎಂದರು.

ಸೋಲಿಗರಲ್ಲಿ ಕುಲ ಬಿಟ್ಟು ಕುಲಕ್ಕೆ ಮದುವೆ ಸಂಬಂಧ. ಹಾಗಾಗಿ ಮಾತು ಪೋಡಿನಿಂದ ಪೋಡಿಗೆ ಬೇಗ ಹೋಗುತ್ತದೆ. ಆಕೆಯ ಭಯ ನ್ಯಾಯವಾದದ್ದು. ವ್ಯವಸ್ಥೆಯ ನಿಯಮದಲ್ಲಿ ಎಲ್ಲವೂ ಸರಿಯಾಗಿದೆ: ಅಭಾ ಕಡ್ಡಾಯವಲ್ಲ, ದಾಖಲೆ ಮಾಡಿದ ಆಸ್ಪತ್ರೆಯಲ್ಲೇ ಇರುತ್ತದೆ, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತೆರೆಯುವುದಿಲ್ಲ, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಆ ಒಪ್ಪಿಗೆ ಫೋನಿನಲ್ಲಿ. ಮನೆಗಿರುವ ಒಂದೇ ಫೋನು ಅಣ್ಣನ ಜೇಬಿನಲ್ಲಿ. ಹಾಗಾದರೆ ಅವಳ ರಕ್ತದ ಮಾತಿಗೆ ಒಪ್ಪಿಗೆ ಕೊಡುವವನು ಅಣ್ಣನೇ ಆದ. ಡಿಜಿಟಲ್ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲೇ ಆಗಿದೆ, ಅದರ ನಿಯಮಗಳು 2024ರ ಈ ಜುಲೈವರೆಗೆ ಹೊರಬಂದಿಲ್ಲ.

ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ ಕಾಲದಲ್ಲಿ ಪೋಡುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಈ ಕಾಡಿನ ಜನ ಆಸ್ಪತ್ರೆಯನ್ನು ನಂಬಿದ್ದು ಅಂಥ ವರ್ಷಗಳ ಓಡಾಟದಿಂದ. ಆ ನಂಬಿಕೆಗೆ ನಾನು ಎರವಾಗಲಾರೆ. ಹುಡುಗಿಯನ್ನೇ ಕೂರಿಸಿಕೊಂಡು ಎಲ್ಲಾ ಹೇಳಿದೆ. "ಯೋಚನೆ ಮಾಡಿ ಹೇಳ್ತೀನಿ ಸಿಸ್ಟರ್" ಎಂದಳು. ಅವಳು ಹೇಳುವವರೆಗೆ ಅಭಾಕ್ಕೆ ಜೋಡಿಸುವುದಿಲ್ಲ.

ಆಗಸ್ಟ್ 2, ಶುಕ್ರವಾರ

ಮಾಸಿಕ ಸಭೆಯಲ್ಲಿ ಎಷ್ಟು ಅಭಾ ಆಯಿತು ಎಂದು ಕೇಳಿದರು. ಎಷ್ಟು ಜನ ತಮ್ಮ ದಾಖಲೆ ತೆರೆದು ನೋಡಿದ್ದಾರೆ ಎಂದು ಯಾರೂ ಕೇಳಲಿಲ್ಲ. ನಾನು ಎದ್ದು ಹೇಳಿದೆ, ಬರೆದೂ ಕೊಟ್ಟೆ. ಈ ಡಿಜಿಟಲ್ ದಾಖಲೆ ಬೇಕು; ಆ ಹುಡುಗನ ರಾತ್ರಿ ನೋಡಿದ ಮೇಲೆ ಬೇಡ ಎನ್ನಲು ನನಗೆ ಬಾಯಿಲ್ಲ. ಆದರೆ ಒಂದು ಹೆಸರನ್ನು ಒಂದೇ ಸಲ ಬರೆಯುವಂತೆ ಆ್ಯಪ್‌ಗಳನ್ನು ಜೋಡಿಸಿ. ಪೋಡಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಬರೆದಿಟ್ಟು ಪುಣಜನೂರಿಗೆ ಬಂದು ಕಳಿಸುವಂತೆ ಮಾಡಿ. ಫೋನಿಲ್ಲದವರ ಒಪ್ಪಿಗೆಯನ್ನು ಅವರ ಬಾಯಿಂದಲೇ ಕೇಳುವ ದಾರಿ ಹುಡುಕಿ. ಅದೆಲ್ಲ ಆಗುವವರೆಗೆ ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಿಗೆ, ಮನೆಯವರು ಒಪ್ಪಿದರೆ, ರಕ್ತದ ಗುಂಪು, ಕಾಯಿಲೆ, ಔಷಧಿ ಅಚ್ಚು ಮಾಡಿದ, ನೀರಿಗೆ ಕೆಡದ ಒಂದು ಕಾರ್ಡನ್ನು ಈ ತಿಂಗಳೇ ಕೊಡಿ.